ಗುಂಡಿನ ಜೊತೆ ತಲೆ ಎತ್ತುವ ಚಾಳಿ

ನನ್ನ ಗಂಡನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತ ಮೇಲೆ ಬಾಳೂರಿನ ಹತ್ತಿರದ ನಮ್ಮ ಸಣ್ಣ ಕಾಫಿ ತೋಟದ ಕೆಲಸವೆಲ್ಲ ನನ್ನ ಮೇಲೇ ಬಿತ್ತು. ಕೊಯ್ಲು, ತೂಕ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಒಣಗಿಸುವ ಕಣ. ನಡುವೆ ಅವರ ಸ್ನಾನ, ಊಟ, ಮಾತ್ರೆ. ಅವರು ಜಗಲಿಯ ಕುರ್ಚಿಯಲ್ಲಿ ಕೂತು ಗೇಟಿನ ಕಡೆ ನೋಡುತ್ತಿದ್ದರು. ಡಾಕ್ಟರು ಹೇಳಿದ ವ್ಯಾಯಾಮ ಮಾಡಿ ಎಂದರೆ ಮುಖ ತಿರುಗಿಸುತ್ತಿದ್ದರು.

ಮೊದಲೆಲ್ಲ ಸುತ್ತಮುತ್ತ ಎಲ್ಲಿ ಗುಂಡು ಹೊಡೆಯುವ ಸ್ಪರ್ಧೆ ನಡೆದರೂ ಅವರು ಹಾಜರು. ಈ ಸಲ ಪಕ್ಕದ ಜಾವಳಿಯಲ್ಲಿ ಹೆಂಗಸರಿಗೂ ಏರ್ ರೈಫಲ್‌ನಲ್ಲಿ ಮೊಟ್ಟೆ ಹೊಡೆಯುವ ಸ್ಪರ್ಧೆ ಇದೆ ಎಂದು ಕೇಳಿ ಹೆಸರು ಕೊಟ್ಟೆ. ನನಗೆ ಅದರ ಉಮೇದೇನೂ ಇರಲಿಲ್ಲ. ಅವರ ಜೊತೆ ಮಾತಾಡಲು ಏನಾದರೂ ಸಿಕ್ಕೀತು ಎಂಬ ಆಸೆ, ಅಷ್ಟೇ.

ಕೆಲಸದವರು ಹೋದ ಮೇಲೆ, ಕಣದಾಚೆಯ ಮಣ್ಣಿನ ದರೆಗೆ ಹಲಗೆ ಒರಗಿಸಿ, ಕಾಗದ ಅಂಟಿಸಿ, ಅವರ ಏರ್ ರೈಫಲ್ಲಿನಿಂದ ಹೊಡೆಯುತ್ತಿದ್ದೆ. ಎಷ್ಟೋ ಗುಂಡು ಹಲಗೆಗೂ ತಾಗುತ್ತಿರಲಿಲ್ಲ. ಅವರಿಗೆ ಅಲ್ಲಿಯವರೆಗೆ ಇಳಿದು ಬರಲಾಗದು. ಅದಕ್ಕೇ ಮೊಬೈಲನ್ನು ಪಕ್ಕದ ಸ್ಟೂಲಿನ ಮೇಲೆ ನಿಲ್ಲಿಸಿ, ವಿಡಿಯೋ ಮಾಡಿ ತಂದು ತೋರಿಸಿದೆ.

ಎಡಗೈ ಹೆಬ್ಬೆರಳಲ್ಲಿ ವಿಡಿಯೋ ನಿಲ್ಲಿಸಿ, ಹಿಂದಕ್ಕೆಳೆದು, ಮತ್ತೆ ನೋಡಿದರು.

“ಗುಂಡು ಎಲ್ಲಿಗೆ ಹೋಯ್ತು ಅಂತ ನೋಡೋಕೆ ತಲೆ ಎತ್ತೀಯ,” ಎಂದರು ತಡವರಿಸುತ್ತ. “ಅದಿನ್ನೂ ನಳಿಗೆಯಿಂದ ಹೊರಗೇ ಬಂದಿಲ್ಲ ಮಾರಾಯ್ತಿ.”

“ನಾನೆಲ್ಲಿ ಎತ್ತಿದೆ?”

“ನೋಡು.”

ನೋಡಿದೆ. ಎತ್ತುತ್ತಿದ್ದೆ. ಕೆನ್ನೆ ರೈಫಲ್ಲಿನ ಮರ ಬಿಟ್ಟು ಮೇಲೇಳುತ್ತಿತ್ತು. ಬೆರಳು ಟ್ರಿಗರನ್ನು ಮೆಲ್ಲಗೆ ಒತ್ತದೆ ಕಿತ್ತೆಳೆಯುತ್ತಿತ್ತು. ಆದರೆ ನನ್ನ ಕಣ್ಣು ನಿಂತದ್ದು ಬೆನ್ನಿನ ಮೇಲೆ. ಇಷ್ಟು ಬಗ್ಗಿದ್ದೇನೆಂದು ಗೊತ್ತೇ ಇರಲಿಲ್ಲ.

“ಸುಸ್ತಾಗಿದ್ಯಾ?” ಎಂದರು. ಕಾಯಿಲೆ ಬಿದ್ದ ಮೇಲೆ ಅವರು ಹಾಗೆ ಕೇಳಿದ್ದು ಅದೇ ಮೊದಲು.

“ಹೂಂ,” ಎಂದೆ.

ಅಂದಿನಿಂದ ಸಂಜೆಗೊಂದು ವಿಡಿಯೋ. ಕಾಲು ಅಗಲಿಸಿ ನಿಲ್ಲಿಸಿದರು. ಹೊಡೆದ ಮೇಲೂ ಕೆನ್ನೆ ಕದಲಿಸದೆ ಒಂದು ಉಸಿರು ಹಾಗೇ ಇರು ಎಂದರು. ನನಗೆ ಆಗದ ದಿನ, “ಇವತ್ತಿಂದೆಲ್ಲಿ?” ಎಂದು ಕೇಳುತ್ತಿದ್ದರು. ಬೈದುಕೊಂಡೇ ಎದ್ದು ಹೋಗುತ್ತಿದ್ದೆ.

ಸ್ಪರ್ಧೆಯ ದಿನ ಜೀಪಿನಲ್ಲಿ ಅವರನ್ನೂ ಕರೆದೊಯ್ದೆ. ಮೊದಲ ಗುಂಡು ತಪ್ಪಿತು. ಎರಡನೆಯದಕ್ಕೆ ಮೊಟ್ಟೆ ಒಡೆದು ಲೋಳೆ ಸುರಿಯಿತು. ಮುಂದಿನದು ಮತ್ತೆ ತಪ್ಪಿತು. ಬಹುಮಾನ ಬೇರೆಯವರಿಗೆ ಹೋಯಿತು. ನನಗೆ ಎಲ್ಲಾದರೂ ಕೂತರೆ ಸಾಕಾಗಿತ್ತು.

ಮರುದಿನ ಬೆಳಿಗ್ಗೆ ಕಾಫಿ ಕೊಟ್ಟಾಗ, “ನಾನು ನಡೆಯೋದನ್ನ ವಿಡಿಯೋ ತೆಗಿ,” ಎಂದರು.

ಗೋಡೆ ಹಿಡಿದು ಜಗಲಿಯುದ್ದಕ್ಕೂ ನಡೆದರು. ತೆಗೆದು ತೋರಿಸಿದೆ. ನೆಲಕ್ಕೆ ಉಜ್ಜುತ್ತ ಬರುವ ತಮ್ಮ ಕಾಲನ್ನು ನೋಡಿದರು. ಮೊಬೈಲ್ ಮಗುಚಿಟ್ಟು ಅತ್ತರು. ಸಮಾಧಾನ ಹೇಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ಪಕ್ಕದಲ್ಲಿ ಕೂತೆ. ಕೊಯ್ಲಿನವರು ಬಂದು ಕರೆದಾಗ ಕಣ್ಣೊರೆಸಿಕೊಂಡು, “ನೀ ಹೋಗು. ಸಂಜೆ ಇನ್ನೊಂದ್ಸಲ ತೆಗೆಯಣ,” ಎಂದರು.

ಈಗ ಕೋಲೂರಿಕೊಂಡು ಕಣದವರೆಗೆ ಬರುತ್ತಾರೆ. ಕಾಲು ಇನ್ನೂ ಉಜ್ಜುತ್ತದೆ. ಪಾರ್ಚ್‌ಮೆಂಟ್ ಬೀಜ ಒಣಗಲು ಹರಡುವವರಿಗೆ ಏನಾದರೂ ಹೇಳುತ್ತ ನಿಲ್ಲುತ್ತಾರೆ. ಅಷ್ಟು ಹೊತ್ತು ನಾನು ಒಳಗೆ ಹೋಗಿ ಮಲಗುತ್ತೇನೆ.