ಗುರುಹಿರಿಯರು ನಿಶ್ಚಯಿಸಿರುವುದರಿಂದ

ಸುಲ್ತಾನ್‌ಪೇಟೆಯ ಅಂಗಡಿಯವರು ಮಾದರಿ ಲಗ್ನಪತ್ರಿಕೆಯೊಂದನ್ನು ನನ್ನ ಕೈಗಿಟ್ಟು, "ಹೆಸರು, ದಿನ, ಹೊತ್ತು ಬರೆದುಕೊಡಿ ಸಾರ್. ಮಿಕ್ಕಿದ್ದೆಲ್ಲಾ ಎಲ್ಲರಿಗೂ ಒಂದೇ" ಅಂದರು. ಜೀವಮಾನವೆಲ್ಲ ಕಾಲೇಜಿನಲ್ಲಿ ತರ್ಕಶಾಸ್ತ್ರ, ತತ್ವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನ ಕೈಗೆ ಅಚ್ಚಾಗಬೇಕಾದ ವಾಕ್ಯ ಕೊಡಬಾರದೆಂದು ಪಾಪ, ಅವರಿಗೆ ಯಾರು ಹೇಳಬೇಕು?

ಕೆಳಗೆ ನನ್ನ ಹೆಸರು ಬರುತ್ತದೆ. ಅಂದಮೇಲೆ ಮೇಲಿರುವ ಪ್ರತಿ ವಾಕ್ಯಕ್ಕೂ ನಾನೇ ಜವಾಬ್ದಾರ. ಮಗಳ ಮದುವೆಯ ಪತ್ರಿಕೆಯಲ್ಲಿ ಒಂದೂ ಸುಳ್ಳು ಇರಕೂಡದೆಂದು ಮಲ್ಲೇಶ್ವರದ ನಮ್ಮ ಮನೆಯ ಜಗುಲಿಯಲ್ಲಿ ನಿಂತು ಘೋಷಿಸಿದೆ. ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ.

"ಗುರುವಾರದೊಳಗೆ ಕಾರ್ಡ್ ಬರ್ಬೇಕು. ಸುಳ್ಳೋ ನಿಜವೋ, ಬಂದ್ರೆ ಸಾಕು."

ಪರಿಶೀಲನೆಗೆಂದು ಪಕ್ಕದ ಕ್ರಾಸಿನ ಗೆಳೆಯನನ್ನು ಕರೆಸಿದೆ. ಭೌತಶಾಸ್ತ್ರದ ನಿವೃತ್ತ ಮೇಷ್ಟ್ರು. ಅಳತೆಗೆ ಸಿಗದ ಯಾವುದನ್ನೂ ನಂಬದವನು, ನನ್ನ ಹೆಂಡತಿಯ ಕಾಫಿಯೊಂದನ್ನು ಬಿಟ್ಟು.

'ಕುಲದೇವತೆಯ ಕೃಪೆಯಿಂದ' ಎಂಬುದು ಮೊದಲು ವಿಚಾರಣೆಗೆ ಬಂತು. ನಿಜವೆಂದು ತೋರಿಸಲಾಗದು, ಸುಳ್ಳೆಂದೂ ತೋರಿಸಲಾಗದು. ಹಿಡಿದು ಶಿಕ್ಷಿಸಲು ಆಧಾರವಿಲ್ಲವೆಂದು ಬಿಟ್ಟುಕಳಿಸಿದೆವು. 'ಶುಭ ಮುಹೂರ್ತ'ದ ಮೇಲೆ ಗೆಳೆಯ ಎಗರಿಬಿದ್ದ.

"ಅದೇ ಹೊತ್ತಿಗೆ ಊರಲ್ಲಿ ಎಷ್ಟು ಛತ್ರ ತುಂಬಿರತ್ತೆ ಹೇಳು. ಎಲ್ಲಾ ಜೋಡೀನೂ ಚೆನ್ನಾಗಿರ್ತಾರಾ? ಅಶುಭ ಮುಹೂರ್ತದಲ್ಲೂ ಒಂದಷ್ಟು ಮದುವೆ ಮಾಡಿಸಿ ಯಾರಾದ್ರೂ ಹೋಲಿಸಿ ನೋಡಿದಾರಾ?"

"ಹೆಣ್ಣಿನ ಕಡೆಯವರು ಒಪ್ಪಲ್ಲಪ್ಪ."

"ಹಾಗಾದ್ರೆ ಪರೀಕ್ಷೆ ಆಗದ ಊಹೆ. ಸದ್ಯಕ್ಕೆ ಇರ್ಲಿ."

'ತಮ್ಮ ಆಗಮನಾಭಿಲಾಷಿಗಳು' ಎಂಬಲ್ಲಿ ನನ್ನ ಷಡ್ಡಕನ ಹೆಸರೂ ಇರಬೇಕಿತ್ತು. ಮನೆಗೆ ಯಾರಾದರೂ ಬಂದರೆ ಟಿವಿ ಸದ್ದು ಜಾಸ್ತಿ ಮಾಡುವ ಆಸಾಮಿ. ಆದರೂ ಇನ್ನೊಬ್ಬರ ಮನಸ್ಸಿನೊಳಗೆ ಏನಿದೆಯೆಂದು ಹೊರಗಿನಿಂದ ತೀರ್ಮಾನಿಸುವುದು ಹೇಗೆ? ಆ ಸದ್ದೇ ಅವನ ಅಭಿಲಾಷೆಯ ಲಕ್ಷಣವಿದ್ದರೂ ಇರಬಹುದು. ಸಂಶಯದ ಲಾಭ ಅವನಿಗೆ ಸಂದಿತು.

ಸಿಕ್ಕಿಬಿದ್ದದ್ದು 'ಗುರುಹಿರಿಯರು ನಿಶ್ಚಯಿಸಿರುವುದರಿಂದ' ಎಂಬಲ್ಲಿ. ಇದನ್ನು ಪರೀಕ್ಷಿಸಬಹುದು, ಪರೀಕ್ಷಿಸಿದರೆ ಅಪ್ಪಟ ಸುಳ್ಳು. ಹುಡುಗನನ್ನು ನಿಶ್ಚಯಿಸಿದವಳು ಮಗಳು, ಮೆಟ್ರೋದಲ್ಲಿ. ದಿನವನ್ನು ನಿಶ್ಚಯಿಸಿದವನು ಛತ್ರದ ಮ್ಯಾನೇಜರು. ಬೆಳಗಿನ ಐದೂವರೆಯ ಲಗ್ನವನ್ನು ನಿಶ್ಚಯಿಸಿದವರು ಪುರೋಹಿತರು, ಯಾಕೆಂದರೆ ಆಮೇಲೆ ಅವರಿಗೆ ಚಾಮರಾಜಪೇಟೆಯಲ್ಲೊಂದು ಗೃಹಪ್ರವೇಶವಿತ್ತು. ಹಿರಿಯರಾದ ನಾವು ನಿಶ್ಚಯಿಸಿದ್ದು ಬಾಯಿ ಮುಚ್ಚಿಕೊಂಡಿರುವುದನ್ನಷ್ಟೇ.

"ಯಾರೂ ನಂಬದೇ ಇದ್ರೆ ಅದು ಸುಳ್ಳು ಹೇಗಾಗತ್ತೆ?" ಗೆಳೆಯ ಲೋಟ ಕೆಳಗಿಟ್ಟ. "ಮೋಸ ಹೋಗೋಕೆ ಒಬ್ಬರಾದ್ರೂ ಬೇಕಲ್ಲ."

"ಒಬ್ಬರಿದಾರೆ," ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಬಸವನಗುಡೀಲಿ."

ಬಸವನಗುಡಿಯಲ್ಲಿರುವುದು ನನ್ನನ್ನು ಸಾಕಿ ಬೆಳೆಸಿದ ದೊಡ್ಡಮ್ಮ. ನಮ್ಮಲ್ಲಿ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಮೊದಲ ಪತ್ರಿಕೆ ದೇವರಿಗೆ, ಎರಡನೆಯದು ಮನೆತನದ ಹಿರಿಯರಿಗೆ. ದೊಡ್ಡಮ್ಮ ಭೂತಗನ್ನಡಿ ಹಿಡಿದು ಪ್ರೆಸ್ಸಿನ ವಿಳಾಸದವರೆಗೂ ಓದುತ್ತಾಳೆ. ಆ ಸಾಲು ಇದ್ದರೆ, ಯಾರ್‍ಯಾರನ್ನೋ ಕೇಳಿ ತನ್ನನ್ನು ಬಿಟ್ಟರು ಅಂದುಕೊಳ್ಳುತ್ತಾಳೆ. ಇಲ್ಲದಿದ್ದರೆ, ಹಿರಿಯರೇ ಬೇಡವಾದರು ಅಂದುಕೊಳ್ಳುತ್ತಾಳೆ. ಹೇಗೆ ಹೊರಳಿಸಿದರೂ ನೋವು ಆಕೆಗೇ.

"ಹಾಗಾದ್ರೆ ಹೋಗಿ ಕೇಳೇಬಿಡೋಣ," ಅಂದೆ. "ವಾಕ್ಯ ಪ್ರಪಂಚಕ್ಕೆ ಹೊಂದದೇ ಇದ್ರೆ, ಪ್ರಪಂಚಾನೇ ವಾಕ್ಯಕ್ಕೆ ಹೊಂದಿಸೋದು."

ಸಂಜೆ ಕೆಲಸದಿಂದ ಬಂದ ಮಗಳು ಎಲ್ಲ ಕೇಳಿಸಿಕೊಂಡು, "ಅಜ್ಜಿ ಬೇಡ ಅಂದ್ಬಿಟ್ರೆ?" ಅಂದಳು.

"ವಾಕ್ಯ ತೆಗೀತೀನಿ. ಮದುವೆ ಅಲ್ಲ."

"ಹಾಗಿದ್ರೆ ಅದು ಕೇಳಿದ ಹಾಗಲ್ಲ ಅಪ್ಪ, ಹೇಳಿದ ಹಾಗೆ."

ಮಕ್ಕಳಿಗೆ ತರ್ಕ ಕಲಿಸಬಾರದು. ಕಲಿತುಬಿಡುತ್ತವೆ.

ಆ ಮಾತನ್ನು ಹೊತ್ತುಕೊಂಡೇ ಭಾನುವಾರ ಬೆಳಿಗ್ಗೆ ಹುಡುಗನನ್ನೂ ಕರೆದುಕೊಂಡು ಬಸವನಗುಡಿಗೆ ಹೋದೆವು. ದೊಡ್ಡಮ್ಮ ಭೂತಗನ್ನಡಿ ಎತ್ತಿ ಅವನನ್ನು ತಲೆಯಿಂದ ಕಾಲಿನವರೆಗೆ ಓದಿದಳು.

"ಸಾರು ಮಾಡಕ್ಕೆ ಬರತ್ತಾ?"

"ಸುಮಾರಾಗಿ ಬರತ್ತೆ ಅಜ್ಜಿ."

"ನಿಜ ಹೇಳ್ತಾನೆ. ಇಟ್ಕೊಳೇ," ಎಂದು ಮಗಳ ಕಡೆ ತಿರುಗಿದಳು.

ನಾನು ಗಂಟಲು ಸರಿಮಾಡಿಕೊಂಡೆ. "ದೊಡ್ಡಮ್ಮ, ಈ ಮದುವೆ ವಿಷಯದಲ್ಲಿ ನೀನು ನಿಶ್ಚಯ ಮಾಡ್ಬೇಕು."

"ಲೋ, ಅವರಿಬ್ರೂ ಆಗ್ಲೇ ಮಾಡ್ಕೊಂಡಿರೋದು ಮುಖದಲ್ಲೇ ಕಾಣತ್ತೆ. ನಾನೇನೋ ಮಾಡ್ಲಿ?" ಭೂತಗನ್ನಡಿಯನ್ನು ಸೆರಗಿನಿಂದ ಒರೆಸುತ್ತ ಕೂತಳು. ಆಮೇಲೆ, "ಕಾಫಿಗೆ ಸಕ್ಕರೆ ಎಷ್ಟು ಅನ್ನೋದು ಬಿಟ್ರೆ ಯಾರಾದ್ರೂ ನನ್ನ ಏನಾದ್ರೂ ಕೇಳಿ ಎಷ್ಟೋ ವರ್ಷ ಆಯ್ತು ಕಣೋ" ಅಂದಳು. ಒರೆಸಿದ ಗಾಜನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದಳು, "ಧಾರೆ ಎಷ್ಟೊತ್ತಿಗೆ?"

"ಬೆಳಗಿನ ಐದೂವರೆಗೆ."

"ಆಗಲ್ಲ."

ಮಗಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಆ ಹೊತ್ತಿಗೆ ಈ ಮಂಡಿಗಳು ಎದ್ದೇ ಇರಲ್ಲ. ನಾನು ಧಾರೆ ನೋಡ್ಬೇಕು. ಹತ್ತರ ಮೇಲೆ ಇಡಿ."

ಪುರೋಹಿತರು, ಗೃಹಪ್ರವೇಶ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ನನ್ನ ಕಾಲು ತುಳಿದಳು. ಆಗ ಹೊಳೆಯಿತು. ನಾವು ಬಯಸದ, ಊಹಿಸದ, ನಮಗೆ ತೊಂದರೆ ಕೊಡುವ ಮಾತು ಇದು. ನಿಶ್ಚಯವೆಂದರೆ ಇದೇ.

ಪುರೋಹಿತರು ಫೋನಿನಲ್ಲಿ ಒಂದಷ್ಟು ಗೊಣಗಿ, ಪಂಚಾಂಗ ತಿರುವಿ, ಹತ್ತೂಕಾಲಕ್ಕೊಂದು ಲಗ್ನ ಹಿಡಿದುಕೊಟ್ಟರು. "ನೋಡಿದ್ರೆ ಇದೇ ಇನ್ನೂ ಪ್ರಶಸ್ತ ಸ್ವಾಮಿ" ಎಂದು ಸೇರಿಸಿದರು. ಐದೂವರೆ ಗೃಹಪ್ರವೇಶದವರ ಪಾಲಾಯಿತು. ಗೆಳೆಯನಿಗೆ ಈ ಸುದ್ದಿ ಕೇಳಿ ಆದ ಸಂತೋಷ ಮದುವೆಮನೆಯವರಿಗೂ ಆಗಿರಲಾರದು.

ಮರುದಿನ ಸುಲ್ತಾನ್‌ಪೇಟೆಗೆ ಹೋಗಿ ಮಾದರಿ ಪತ್ರಿಕೆಯನ್ನು ವಾಪಸು ಕೊಟ್ಟೆ. ಅಂಗಡಿಯವರು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಹೆಸರು, ದಿನ, ಹೊತ್ತು. ಅಷ್ಟೇನಾ ಸಾರ್? ಇಷ್ಟು ದಿನ ಇಟ್ಕೊಂಡಿದ್ರಿ, ಒಳಗೆ ಏನೂ ಬದಲಾಯಿಸ್ಲೇ ಇಲ್ವಲ್ಲ?"

"ವಾಕ್ಯ ಹಾಗೇ ಇರ್ಲಿ. ಪ್ರಪಂಚಾನ ಸ್ವಲ್ಪ ತಿದ್ದಿ ಬಂದಿದೀನಿ."

"ಒಳ್ಳೇದಾಯ್ತು ಬಿಡಿ," ಎಂದವರು ಬಣ್ಣದ ಪಟ್ಟಿ ನನ್ನ ಮುಂದೆ ಹರವಿದರು. "ಹಳದೀನಾ, ಕೆಂಪಾ?"

"ಅದನ್ನ ಬಸವನಗುಡೀಲಿ ಕೇಳ್ಬೇಕು," ಎಂದು ಫೋನ್ ತೆಗೆದೆ.