ಹಸಿರು ಬಳಿದ ಸಮುದ್ರ

ದೇವರ ಫೋಟೋ ಬೆವರಿತು, ಕಣ್ಣೀರು ಹಾಕಿತು ಎಂದು ಹೇಳಿಕೊಂಡು ನನ್ನ ಅಂಗಡಿಗೆ ಬಂದವರನ್ನು ನಾನು ಎಂದೂ ಮರ್ಯಾದೆಯಿಂದ ಕಳಿಸಿದವಳಲ್ಲ. ತುಮಕೂರಿನಲ್ಲಿ ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಗಾಜು ಚಿತ್ರಕ್ಕೆ ಅಂಟಿಕೊಂಡಿದ್ದರೆ ಮಳೆಗಾಲದಲ್ಲಿ ಒಳಗೆ ನೀರು ಕಟ್ಟುತ್ತದೆ, ಅಷ್ಟೇ. ಹಿಂದಿನ ರಟ್ಟು ಬಿಚ್ಚಿ, ಒಣಗಿಸಿ, ಗಾಜಿಗೂ ಚಿತ್ರಕ್ಕೂ ನಡುವೆ ಸ್ವಲ್ಪ ಸಂದು ಬಿಟ್ಟು ಕೊಟ್ಟರೆ ಯಾವ ದೇವರೂ ಮತ್ತೆ ಅಳುವುದಿಲ್ಲ. ಇದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿ ಎಷ್ಟೋ ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ. ಅಂಥ ನಾನೇ ಈಗ ಇಂಥದೊಂದು ಕಥೆ ಹೇಳಲು ಕೂತಿದ್ದೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ನನ್ನ ತಂಗಿ ಪ್ರಮೀಳಾ ಕುಣಿಗಲ್‌ಗೆ ಮದುವೆಯಾಗಿ ಹೋದವಳು. ಅವಳು ಚಿತ್ರ ಬರೆಯುತ್ತಿದ್ದಳು. ಬರೆಯುತ್ತಿದ್ದುದು ಒಂದನ್ನೇ: ಕಡಲ ದಂಡೆಯ ಲೈಟ್‌ಹೌಸ್. ಕಾಲೇಜಿನಲ್ಲಿದ್ದಾಗ ಟೂರ್ ಹೋಗಿ ಒಂದೇ ಒಂದು ಸಲ ನೋಡಿಕೊಂಡು ಬಂದದ್ದನ್ನು ವರ್ಷಗಟ್ಟಲೆ ಬರೆದಳು. ಒಂದರಲ್ಲಿ ಮೋಡ ಕವಿದ ಸಮುದ್ರ, ಒಂದರಲ್ಲಿ ಬೆಳಗಿನ ಸಮುದ್ರ, ಇನ್ನೊಂದರಲ್ಲಿ ಬರೀ ನೊರೆ. ಅವನ್ನೆಲ್ಲ ನನ್ನ ಅಂಗಡಿಯಲ್ಲೇ ಇಟ್ಟು ಮಾರುತ್ತಿದ್ದೆ. ಮನೆಗೆ ಚಿತ್ರ ಕೊಳ್ಳಲು ಬರುವ ಜನರ ಮಾತು ಕೇಳಿ ಕೇಳಿ ನನ್ನ ಅರ್ಧ ಆಯಸ್ಸು ಕಳೆದಿದೆ. ಸೋಫಾ ಬಣ್ಣಕ್ಕೆ ಹೊಂದುವ ಸಮುದ್ರ ಇದೆಯಾ ಎಂದು ಒಬ್ಬಾಕೆ ಕೇಳಿದ್ದಳು. ಇದೇ ಥರದ್ದು ಆನ್‌ಲೈನಿನಲ್ಲಿ ಪ್ರಿಂಟ್ ಸಿಗುತ್ತದಲ್ಲ, ಇದಕ್ಕೇನು ಕೊಂಬು ಇದೆಯಾ ಎಂದು ಇನ್ನೊಬ್ಬ. ಕೈಯಲ್ಲಿ ಬರೆದ ಒರಿಜಿನಲ್ ಎಂದರೆ ಏನೆಂದು ಹೇಳುವಷ್ಟು ತಾಳ್ಮೆ ನನಗಿಲ್ಲ. ಬಾಗಿಲು ತೋರಿಸುತ್ತಿದ್ದೆ.

ಆಮೇಲೆ ಪ್ರಮೀಳಾಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಮಾತು ಉಳಿಯಿತು, ಬಲಗೈ ಹೋಯಿತು. ಅದಕ್ಕೆ ಸ್ವಲ್ಪ ಮುಂಚೆ ಮುಗಿಸಿದ್ದ ದೊಡ್ಡ ಕ್ಯಾನ್ವಾಸ್ ಒಂದಿತ್ತು. ನಾನೇ ಚೌಕಟ್ಟಿಗೆ ಪಿನ್ನು ಹೊಡೆದು ಬಿಗಿದುಕೊಟ್ಟಿದ್ದೆ, ಅವಳ ಮಂಚದ ಎದುರಿನ ಗೋಡೆಗೆ ಹಾಕಿದ್ದರು. ಅದು ಅವಳ ಕೊನೆಯ ಚಿತ್ರ ಎಂಬುದು ನಮಗೆಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಅವಳ ಗಂಡನ ಅಣ್ಣ ಬಸವರಾಜು ಗುಬ್ಬಿಯಲ್ಲಿ ಹೊಸ ಮನೆ ಕಟ್ಟಿಸಿದ್ದರು. ಕಾಯಿಲೆಯವಳನ್ನು ನೋಡಲು ಬಂದವರು ಹಣ್ಣು ಕೊಟ್ಟು ಚಿತ್ರ ಹೊತ್ತುಕೊಂಡು ಹೋದರು. ಅವಳ ಗಂಡ ಅಣ್ಣನಿಗೆ ಇಲ್ಲ ಎನ್ನಲಿಲ್ಲ. ಪ್ರಮೀಳಾ ಆ ಮನೆಯ ಸೊಸೆ, ಭಾವನ ಎದುರು ಅವಳು ಯಾವತ್ತೂ ಬೇಡ ಎಂದವಳಲ್ಲ. ನನಗೆ ತಿಳಿಯುವ ಹೊತ್ತಿಗೆ ಗೋಡೆಯಲ್ಲಿ ಮೊಳೆಗಳು ಮಾತ್ರ ಇದ್ದವು. ನಾನು ಕಿರುಚಾಡಿದೆ. "ಇರ್ಲಿ ಬಿಡಕ್ಕ, ಹೊಸ ಮನೆ, ಚೆನ್ನಾಗಿ ನೋಡ್ಕೊಂತಾರೆ" ಎಂದಳು ತಂಗಿ.

ಗೃಹಪ್ರವೇಶಕ್ಕೆ ನನಗೆ ಹೋಗಲಾಗಲಿಲ್ಲ. ಮುಯ್ಯಿ ಕೊಡದೆ ಇರಬಾರದಲ್ಲ ಎಂದು ಆಮೇಲೊಂದು ದಿನ ಗುಬ್ಬಿಗೆ ಹೋದೆ. ಹಾಲಿಗೆ ಕಾಲಿಟ್ಟವಳು ನಿಂತಲ್ಲೇ ನಿಂತೆ. ಲೈಟ್‌ಹೌಸ್ ಹಾಗೇ ಇತ್ತು. ಅದರ ಬುಡದಲ್ಲಿ ಸಮುದ್ರ ಇರಲಿಲ್ಲ. ಸಮುದ್ರ ಇದ್ದ ಜಾಗಕ್ಕೆಲ್ಲ ದಪ್ಪಗೆ ಹಸಿರು ಬಳಿದಿದ್ದರು. ಕಿಟಕಿಯ ಕಂಬಿಗೆ ಹೊಡೆದು ಉಳಿದಿದ್ದ ಅದೇ ಎನಾಮೆಲ್ ಪೇಂಟು. ರಾಗಿ ಹೊಲದ ನಡುವೆ ಯಾರೋ ಲೈಟ್‌ಹೌಸ್ ನೆಟ್ಟ ಹಾಗಿತ್ತು.

ಬಸವರಾಜು ಒಂದಿಷ್ಟೂ ಮುಜುಗರವಿಲ್ಲದೆ ಕಾರಣ ಹೇಳಿದರು. "ನೋಡಮ್ಮ, ಅದು ನೈಋತ್ಯದ ಗೋಡೆ. ನೈಋತ್ಯ ಎತ್ತರ ಇರ್ಬೇಕಂತೆ, ಕಂಬ ಇದ್ರೆ ಒಳ್ಳೇದೇ ಅಂದ್ರು ವಾಸ್ತು ನೋಡೋರು. ನೀರು ಮಾತ್ರ ಆಗಲ್ವಂತೆ. ಅದಕ್ಕೆ ಪೇಂಟ್ರು ಕೈಲಿ ನೀರು ಮುಚ್ಚಿಸ್ದೊ."

"ಆಗಲ್ಲ ಅಂದ್ರೆ ಬೇರೆ ಗೋಡೆಗೆ ಹಾಕ್ಬೇಕಿತ್ತು" ಎಂದೆ.

"ನೀರಿಗೆ ಈಶಾನ್ಯನೇ ಆಗ್ಬೇಕಂತೆ, ಅಲ್ಲಿ ಟಿವಿ ಐತಲ್ಲಮ್ಮ."

ಟಿವಿ ಇತ್ತಂತೆ. ನನ್ನ ತಂಗಿಯ ಕೈ ಬಿದ್ದುಹೋಗುವ ಮುಂಚೆ ಬರೆದ ಕಟ್ಟಕಡೆಯ ಸಮುದ್ರವನ್ನು ಒಂದು ಟಿವಿಗೋಸ್ಕರ ಕಿಟಕಿ ಪೇಂಟಿನಲ್ಲಿ ಹೂತರು. ಆ ಹೊತ್ತಿನಲ್ಲಿ ನಾನು ಏನೇನು ಅಂದೆನೋ ಇಲ್ಲಿ ಬರೆಯುವ ಹಾಗಿಲ್ಲ. ಕುರ್ಚಿ ಎಳೆದು ಹತ್ತಿ ನಾನೇ ಚಿತ್ರವನ್ನು ಇಳಿಸಿದೆ. ಅವರ ಹೆಂಡತಿ ಎಲೆ ಹಾಕಿದ್ದೀನಿ, ಊಟ ಮಾಡಿಕೊಂಡು ಹೋಗಿ ಎನ್ನುತ್ತಲೇ ಇದ್ದರು. ನಾನು ಆಟೋ ಹತ್ತಿದೆ.

ಅಂಗಡಿಗೆ ತಂದು ಚಿತ್ರದ ಒಂದು ಮೂಲೆಯಲ್ಲಿ ಹತ್ತಿಗೆ ಥಿನ್ನರ್ ಹಚ್ಚಿ ಮೆಲ್ಲಗೆ ಉಜ್ಜಿದೆ. ಹತ್ತಿಗೆ ಮೊದಲು ಹಸಿರು ಬಂತು, ಹಿಂದೆಯೇ ನೀಲಿಯೂ ಬಂತು. ಕೈ ತೆಗೆದೆ. ಹಸಿರು ತೆಗೆಯಲು ಹೋದರೆ ಸಮುದ್ರವೂ ಎದ್ದುಬರುತ್ತದೆ. ಇಷ್ಟು ವರ್ಷ ಈ ಕಸುಬು ಮಾಡಿದ್ದಕ್ಕೆ ನನಗೆ ಅಷ್ಟು ಗೊತ್ತಾಗುತ್ತದೆ. ಇನ್ನು ಮಾಡುವುದೇನೂ ಉಳಿದಿರಲಿಲ್ಲ. ಅವಳಿಗೆ ಬೇರೆಯವರ ಬಾಯಿಂದ ಗೊತ್ತಾಗುವುದಕ್ಕಿಂತ ನಾನೇ ಹೋಗಿ ತೋರಿಸುತ್ತೇನೆ ಎಂದು ತೀರ್ಮಾನಿಸಿ ರಟ್ಟು ಸುತ್ತಿ, ಹಳೆಯ ಬೆಡ್‌ಶೀಟ್ ಹೊದಿಸಿ, ನನ್ನ ಕೈಯಾರೆ ಹುರಿ ಬಿಗಿದೆ. ಪರಿಚಯದವರ ಓಮ್ನಿಯಲ್ಲಿ ಹಿಂದಿನ ಸೀಟಿನಲ್ಲಿ ಅದನ್ನು ಮೈಗೆ ಆನಿಸಿಕೊಂಡು ಕೂತೆ. ಹೆಬ್ಬೂರಿನಲ್ಲಿ ಡ್ರೈವರ್ ಟೀ ಕುಡಿಯಲು ಇಳಿದ, ನಾನು ಇಳಿಯಲಿಲ್ಲ.

ಕುಣಿಗಲ್ ಸೇರಿದಾಗ ದೀಪ ಹಚ್ಚುವ ಹೊತ್ತು. ಪ್ರಮೀಳಾ ಮಂಚದ ಮೇಲೆ ಕೂತಿದ್ದಳು. ಕಟ್ಟು ಬಿಚ್ಚುವ ಮುಂಚೆಯೇ ಎಲ್ಲ ಹೇಳಿಬಿಟ್ಟೆ. ವಾಸ್ತು, ಟಿವಿ, ಕಿಟಕಿ ಪೇಂಟು, ಥಿನ್ನರ್, ಯಾವುದನ್ನೂ ಬಚ್ಚಿಡಲಿಲ್ಲ. ಹೇಳುತ್ತಾ ಹೇಳುತ್ತಾ ಅತ್ತದ್ದು ನಾನು. ಅವಳು ಎಡಗೈಯಲ್ಲಿ ಬಲಗೈಯನ್ನು ತೊಡೆಯ ಮೇಲೆ ಸರಿಯಾಗಿಟ್ಟುಕೊಂಡು "ಬಿಚ್ಚಕ್ಕ, ನೋಡ್ಬುಡ್ತೀನಿ" ಎಂದಳು.

ಬಿಚ್ಚಿದೆ. ನನ್ನ ಗಂಟು, ನನ್ನ ಹುರಿ, ನನ್ನ ಬೆಡ್‌ಶೀಟು. ರಟ್ಟು ಸರಿಸಿದರೆ ಸಮುದ್ರ ಇತ್ತು.

ಹಸಿರಿನ ಒಂದು ಗೆರೆಯೂ ಇರಲಿಲ್ಲ. ನಾನು ಉಜ್ಜಿದ್ದ ಮೂಲೆಯನ್ನು ಹುಡುಕಿದೆ, ಅದೂ ಇರಲಿಲ್ಲ. ಬೆರಳಿಟ್ಟು ನೋಡಿದೆ, ಮೂಸಿ ನೋಡಿದೆ. ಬೇರೆ ಚಿತ್ರ ತಂದೆನೇನೋ ಎಂದು ಹಿಂದೆ ತಿರುಗಿಸಿದೆ. ನಾನೇ ಹೊಡೆದ ಪಿನ್ನುಗಳು, ಅವಳ ಸಹಿ, ಎಲ್ಲ ಅದರದ್ದೇ. ಗೋಡೆ ಹಿಡಿದು ಕೂತೆ. ಹೆದರಿದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಪ್ರಮೀಳಾ ಮಾತ್ರ ಚಿತ್ರವನ್ನೇ ನೋಡುತ್ತಿದ್ದಳು. "ಅಕ್ಕ, ನೀರು ಇಳಿದೈತೆ" ಎಂದಳು.

ಆಗ ನನಗೂ ಕಂಡಿತು. ಅವಳು ಬರೆದಿದ್ದ ಸಮುದ್ರ ಲೈಟ್‌ಹೌಸಿನ ಕಟ್ಟೆಯವರೆಗೂ ತುಂಬಿತ್ತು. ಇದರಲ್ಲಿ ನೀರು ಹಿಂದಕ್ಕೆ ಸರಿದಿತ್ತು. ಒದ್ದೆ ಬಂಡೆಗಳು ಎದ್ದಿದ್ದವು, ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಕೆಳಗಿಳಿದಿದ್ದವು. ಟೂರ್ ಹೋದ ದಿನ ಅಲ್ಲಿಯವರು ಯಾರೋ ಅವಳಿಗೆ ಹೇಳಿದ್ದರಂತೆ, ಕೆಳಗೆ ಮೆಟ್ಟಿಲಿದೆ, ನೀರು ಇಳಿದ ಮೇಲೆ ಕಾಣುತ್ತದೆ ಎಂದು. ಇವಳು ಕಾಯುತ್ತೇನೆಂದು ಹಠ ಹಿಡಿದರೂ ಬಸ್ಸಿಗೆ ಹತ್ತಿಸಿಕೊಂಡು ಹೊರಟುಬಿಟ್ಟರಂತೆ. ನೋಡದೆ ಇದ್ದದ್ದನ್ನು ಬರೆಯಬಾರದೆಂದು ಅವಳು ಪ್ರತಿ ಚಿತ್ರದಲ್ಲೂ ನೀರು ತುಂಬಿಸಿಯೇ ಬರೆದಳಂತೆ. ಇದನ್ನು ಅವಳು ನನಗೆ ಹೇಳಿದ್ದು ಅವತ್ತೇ ಮೊದಲು.

ವಿಷಯ ತಿಳಿದು ಬಸವರಾಜು ಬಂದರು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಕ್ಲೀನ್ ಮಾಡಿದ್ಯಲ್ಲಮ್ಮ, ಇಷ್ಟಕ್ಕೆ ಅವತ್ತು ಅಷ್ಟೊಂದು ಕೂಗಾಡ್ದೆ" ಎಂದರು. ಬಂಡೆ, ಮೆಟ್ಟಿಲು ತೋರಿಸಿದೆ. ಮೊದಲಿಂದ ಹಾಗೇ ಇದ್ದಿರಬೇಕು ಎಂದರು. ಆ ಚಿತ್ರವನ್ನು ಅವರು ಒಂದು ದಿನವೂ ಕಣ್ಣಿಟ್ಟು ನೋಡಿರಲಿಲ್ಲ. ಈಗ ನೆಂಟರೆಲ್ಲರ ಬಾಯಲ್ಲೂ ಅದೇ ಮಾತು: ಏನೂ ಆಗಿರಲಿಲ್ಲ, ನಾನು ಸುಮ್ಮನೆ ಊಟದ ಎಲೆ ಬಿಟ್ಟು ಎದ್ದುಬಂದೆ. ಮಾಡಿದ ತಪ್ಪಿನ ಗುರುತನ್ನೇ ಅಳಿಸಿಹಾಕುವ ಇಂಥ ಪವಾಡ ಯಾರಿಗೆ ಬೇಕಿತ್ತು ಎಂದು ನನಗೆ ಸಿಟ್ಟು ಬರುತ್ತದೆ.

ಅವತ್ತು ಹೊರಡುವಾಗ ಬಸವರಾಜು, ಈ ಸಲ ಟಿವಿ ಬೇರೆ ಕಡೆ ಹಾಕಿಸಿ ಚಿತ್ರವನ್ನು ಈಶಾನ್ಯಕ್ಕೇ ಹಾಕಿಸ್ತೀನಿ, ಕೊಟ್ಟುಬಿಡು ಎಂದು ಪ್ರಮೀಳಾಗೆ ಹೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ "ಕೊಡಲ್ಲ ಭಾವ" ಎಂದಳು. ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು.

ಚಿತ್ರ ಈಗ ಅವಳ ಎದುರಿನ ಗೋಡೆಯಲ್ಲೇ ಇದೆ. ಹೋದಾಗಲೆಲ್ಲ ಭೂತಗನ್ನಡಿ ಹಿಡಿದು ಎಳೆ ಎಳೆಯಾಗಿ ಹುಡುಕುತ್ತೇನೆ, ಹಸಿರು ಸಿಕ್ಕಿಲ್ಲ. ನೀರು ಮತ್ತೆ ಏರಿಲ್ಲ, ಇಳಿದೂ ಇಲ್ಲ. ಇದು ಏನು, ಹೇಗೆ ಎಂದು ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ. ಯಾವುದೋ ಶಕ್ತಿ ಎನ್ನುವವರು ಎನ್ನಲಿ. ಅಂಥದ್ದೊಂದು ಇದ್ದರೆ, ಅದು ಅವಳು ಕಾಣದೆ ಬಂದ ಮೆಟ್ಟಿಲನ್ನೆಲ್ಲ ತಾನೇ ಕೂತು ಬರೆದುಕೊಟ್ಟಿತು. ಪಕ್ಕದಲ್ಲೇ ಇದ್ದ ಅವಳ ಬಲಗೈಯನ್ನು ಮುಟ್ಟಲಿಲ್ಲ. ನನಗೆ ಅದರ ಮೇಲೂ ಕೋಪವೇ.