ಬ್ರೇಕಿನ ಮೇಲಿನ ಕಾಲು

ತಾಂಡೂರಿನಿಂದ ನನ್ನ ತಂಗಿಯ ಮಗಳು ಸವಿತಾ ಒಂದು ಯೋಗದ ಚಾಪೆ ಕಳಿಸಿದ್ದಾಳೆ. ಸುರುಳಿ ಬಿಚ್ಚಿದ್ದೇ ತಡ, ಪಡಸಾಲೆ ತುಂಬ ಹೊಸ ಟೈರಿನ ವಾಸನೆ. ಜೊತೆಗೆ ಫೋನಿನಲ್ಲಿ ಅವಳ ಹುಕುಂ ಬೇರೆ. "ದೊಡ್ಡವ್ವ, ಒಂದು ತಿಂಗಳ ಚಾಲೆಂಜ್ ಅದ. ದಿನಾ ಮುಂಜಾನೆ ಮಾಡಿ ಫೋಟೋ ಹಾಕಬೇಕು. ಒಂದಿನಾನೂ ತಪ್ಪಿಸಬ್ಯಾಡ ನೋಡು."

ಚಾಲೆಂಜಂತೆ. ನನಗೆ ನಗು ಬಂತು. ತಿಂಗಳ ಪಂಥ ಕಟ್ಟಿ ಯೋಗ ಮಾಡುವುದೆಂದರೆ ಏನು ಅಂತ ಈ ಹುಡುಗಿಗೆ ಯಾವಾಗಲಾದರೂ ಹೇಳಿದರಾಯಿತು. ಟೈರಿನ ವಾಸನೆ ಮೂಗಿಗೆ ಬಡಿದಿದೆ, ಈಗ ನಿಮಗೆ ಹೇಳಿಬಿಡುತ್ತೇನೆ, ಕುಂಡ್ರಿ.

ನಮ್ಮ ಮನೆಯವರು ಬಸ್ ಡ್ರೈವರ್. ಮದುವೆಯಾದ ಲಾಗಾಯ್ತು ಅವರ ಖಾಕಿ ಅಂಗಿ ಒಗೆದವಳು ನಾನು; ಟೈರು, ಡೀಸೆಲ್ಲು, ಬೆವರು ಮೂರೂ ಕೂಡಿದ ಆ ವಾಸನೆ ಯಾವ ಸಾಬೂನಿಗೂ ಜಗ್ಗುತ್ತಿರಲಿಲ್ಲ. ಜಹೀರಾಬಾದಿನಿಂದ ನಾರಾಯಣಖೇಡಕ್ಕೆ ಅವರ ರೂಟು. ನನ್ನ ತವರು ಅದೇ ದಾರಿಯಲ್ಲಿ. ನಮ್ಮೂರಲ್ಲಿ ಯಾರೂ "ಬಸ್ ಬಂತು" ಅನ್ನುತ್ತಿರಲಿಲ್ಲ, "ಅಳಿಯ ಬಂದ" ಅನ್ನುತ್ತಿದ್ದರು. ನನಗೆ ಒಳಗೊಳಗೇ ಅದರದೊಂದು ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ.

ತೆಲಂಗಾಣದ ಹೋರಾಟ ಜೋರಾಗಿದ್ದ ವರ್ಷಗಳು ಅವು. ಇವತ್ತು ಬಂದ್ ಅಂದರೆ ನಾಳೆ ರಸ್ತೆ ರೋಕೋ. ಇವರೂ ಬೇರೆ ರಾಜ್ಯ ಬೇಕು ಅನ್ನುವವರೇ, ರಜೆಯ ದಿನ ಧರಣಿ ಟೆಂಟಿನಲ್ಲಿ ಕೂತು ಬರುತ್ತಿದ್ದರು. ಆದರೆ ಕಲ್ಲಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಒಂದು ಬಂದ್ ದಿನ, ಬಸ್ ತುಂಬ ಜನ ಇರುವಾಗ, ಗುಂಪಿನಿಂದ ಒಂದು ಕಲ್ಲು ಬಂದು ಮುಂದಿನ ಗಾಜಿಗೆ ಬಿತ್ತು. ಗಾಜೆಲ್ಲ ಪುಡಿಯಾಗಿ ಇವರ ತೊಡೆಯ ಮೇಲೆ ಸುರಿಯಿತು. ಇವರು ಬ್ರೇಕ್ ಒತ್ತಿ ಬಸ್ ನಿಲ್ಲಿಸಿದರು, ಯಾರಿಗೂ ಏನೂ ಆಗಲಿಲ್ಲ. ಕಂಡಕ್ಟರ್ ರಶೀದ್ ಭಾಯಿ ಆಮೇಲೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಭಾಬಿ, ಪಬ್ಲಿಕ್ ಎಲ್ಲಾ ಇಳಿದು ಹೋದ್ರೂ ಉಸ್ತಾದ್ ಬ್ರೇಕಿನ ಮ್ಯಾಲಿನ ಕಾಲು ತಗೀವಲ್ಲರು. ಬಸ್ ನಿಂತದ, ತಗೀರಿ ಅಂತ ನಾನೇ ತೊಡಿ ಹಿಡಿದು ಎತ್ತಿದೆ."

ಅಂದಿನಿಂದ ಅವರ ಬಿ.ಪಿ. ಏರಿತು. ಡ್ರೈವರುಗಳನ್ನು ತಪಾಸಣೆ ಮಾಡುವ ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟು, ಉಪ್ಪು ಬಿಡು, ದಿನಾ ಯೋಗ ಮಾಡು, ಒಂದು ತಿಂಗಳು ಬಿಟ್ಟು ಬಾ ಅಂದರು. ಇಳಿದಿದ್ದರೆ ಸ್ಟೇರಿಂಗು, ಇಲ್ಲದಿದ್ದರೆ ಶೆಡ್ಡಿನ ಕೆಲಸ. ಇವರು ಮನೆಗೆ ಬಂದು ಊಟದ ತಟ್ಟೆಯನ್ನು ಅತ್ತ ಸರಿಸಿದರು.

"ಶೆಡ್ಡಿನ್ಯಾಗ ಬಸ್ ತೊಳಿಯಾಕ ಹಚ್ತಾರ. ನಾ ತೊಳದ ಬಸ್ಸು ಇನ್ನೊಬ್ಬವ ಹೊಡಕೊಂಡು ಹೋಗ್ತಾನ. ನಾ ನೋಡಕೋತ ನಿಂದರಬೇಕೇನು?"

"ತಿಂಗಳ ಟೈಮ್ ಅದರಿ. ನಾ ಮಾಡಸ್ತೀನಿ," ಅಂದೆ. ಅಂದ ಮೇಲೆ ನನಗೇ ದಿಗಿಲಾಯಿತು. ಯೋಗದ ಗಂಧ ಗಾಳಿ ಇಲ್ಲದವಳು ನಾನು. ಮುಂದಕ್ಕೆ ಬಾಗಿದರೆ ಕೈ ಮೊಣಕಾಲಿನ ತನಕ ಹೋಗಿ, ಇನ್ನು ಸಾಕು ಅಂತ ಅಲ್ಲೇ ಬಿಡಾರ ಹೂಡುತ್ತಿತ್ತು.

ಅದೇ ವಾರ ರಾಜ್ಯಕ್ಕಾಗಿ ಎಲ್ಲರೂ ಕೆಲಸ ಬಿಟ್ಟು ಸಮ್ಮೆಗಿಳಿದರು, ಬಸ್ಸಿನವರೂ ಸೇರಿ. ಸ್ಕೂಲಿಲ್ಲ, ಆಫೀಸಿಲ್ಲ. ಹೈದರಾಬಾದ್–ಮುಂಬೈ ರೋಡಿನ ಸದ್ದೇ ಅಡಗಿತು. ಬೆಳಗಾದರೆ ಮನೆಯಲ್ಲಿ ಇರದ ಗಂಡ ದಿನವಿಡೀ ಕಣ್ಣೆದುರು ಇರಹತ್ತಿದರೆ ಹೇಗಿರುತ್ತದೆ ಅಂತ ಲಗ್ನವಾದವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂಜಾನೆ ಟಿವಿಯಲ್ಲಿ ಒಬ್ಬ ಗುರು ಯೋಗ ಹೇಳಿಕೊಡುತ್ತಿದ್ದ. ಜಮಖಾನೆ ಹಾಸಿ ಇವರನ್ನು ಕೂರಿಸಿ, ನಾನು ಅಲ್ಲಿ ನೋಡಿ ಇಲ್ಲಿ ಹೇಳುವುದು. ಸಮ್ಮೆಯ ಕಾಲಕ್ಕೆ ಕರೆಂಟಿನದೂ ಭರವಸೆ ಇರಲಿಲ್ಲ. ಒಂದು ದಿನ ಇವರು ಬೋರಲು ಮಲಗಿ ಎದೆ ಎತ್ತಿದ್ದರು, ಟಿವಿ ಕಪ್ಪಾಯಿತು. ಮುಂದೇನು ಮಾಡಬೇಕೋ ನನಗೂ ತಿಳಿಯದು. "ಇಳಸಲೇನು?" ಅಂತ ಇವರು, "ತಡೀರಿ, ಈಗ ಬರ್ತದ" ಅಂತ ನಾನು. ಕರೆಂಟು ಮಧ್ಯಾಹ್ನಕ್ಕೆ ಬಂತು. ಇವರು ಅಷ್ಟು ಹೊತ್ತು ಹಾಗೇ ಇರಲಿಲ್ಲ ಬಿಡಿ, ಬೈಯುತ್ತಾ ಎದ್ದು ಹೋಗಿದ್ದರು.

ಬಾಗುವುದು ಏಳುವುದು ಹೇಗೋ ನಡೆಯಿತು. ಗಂಟು ಬಿದ್ದದ್ದು ಕೊನೆಯ ಶವಾಸನದಲ್ಲಿ. ಅಂಗಾತ ಮಲಗಿ ಕಣ್ಣು ಮುಚ್ಚಬೇಕು, ಅಷ್ಟೇ. ಇವರಿಗೆ ಅದೇ ಆಗಲೊಲ್ಲದು. ಕಣ್ಣು ಮುಚ್ಚಿದ ಕೂಡಲೇ ಬಲಗಾಲು ಬಿಗಿದು, ಅಂಗಾಲು ಮುಂದಕ್ಕೆ ಒತ್ತುತ್ತಿತ್ತು. ಮೊದಲು ನನಗೆ ತಿಳಿಯಲಿಲ್ಲ, ಕಾಲು ಹಿಡಿದುಕೊಂಡಿದೆಯೇನೋ ಅಂದುಕೊಂಡೆ. ಆಮೇಲೆ ತಿಳಿಯಿತು. ಇವರು ಬ್ರೇಕ್ ಒತ್ತುತ್ತಿದ್ದರು.

ಡಾಕ್ಟರಮ್ಮನ ಹತ್ತಿರ ಬಿ.ಪಿ. ನೋಡುವ ಮಷಿನ್ ಇತ್ತು, ನನ್ನ ಹತ್ತಿರ ಏನಿತ್ತು? ಅವರ ಕಾಲ ಬುಡಕ್ಕೆ ಕೂತು ಅಂಗಾಲಿಗೆ ನನ್ನ ಅಂಗೈ ಆನಿಸಿ ಹಿಡಿಯಹತ್ತಿದೆ. ಎಷ್ಟು ಜೋರು ಒತ್ತುತ್ತಾರೆ, ಎಷ್ಟು ಹೊತ್ತಿಗೆ ಬಿಡುತ್ತಾರೆ, ಅದೇ ನನ್ನ ಲೆಕ್ಕ. ಹೊರಗೆ ಘೋಷಣೆ ಕೇಳಿದರೆ ಒತ್ತುತ್ತಿದ್ದರು. ಪೊಲೀಸ್ ಜೀಪು ಹೋದರೆ ಒತ್ತುತ್ತಿದ್ದರು. ಒಂದೊಂದು ದಿನ ನನ್ನ ಮಣಿಕಟ್ಟು ನೋಯುವಷ್ಟು. ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಸಡಿಲಾಯಿತು. ಸಡಿಲಾದ ದಿನ ನಾನು ಮಕ್ಕಳಿಗೆ ರವೆ ಬೆಲ್ಲದ ಸಜ್ಜಕ ಮಾಡಿ ಹಾಕುತ್ತಿದ್ದೆ. ಯಾಕೆ ಅಂತ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ತಿಂಗಳು ತುಂಬಲು ಇನ್ನೇನು ವಾರ ಇದೆ ಅನ್ನುವಾಗ ಒಂದು ಮುಂಜಾನೆ ರಶೀದ್ ಭಾಯಿ ಬಂದರು. ರಸ್ತೆ ರೋಕೋ ಇದೆ, ಡ್ರೈವರುಗಳೆಲ್ಲ ಬರಬೇಕಂತೆ. "ಯೋಗ ಆಗಿಲ್ಲರಿ," ಅಂದೆ. "ಬಂದು ಮಾಡ್ತೀನಿ," ಅಂತ ಚಪ್ಪಲಿ ಮೆಟ್ಟಿದರು. ಒಂಬತ್ತಾಯಿತು, ಹತ್ತಾಯಿತು. ಎಲ್ಲರನ್ನೂ ಪೊಲೀಸರು ವ್ಯಾನಿಗೆ ಹಾಕಿಕೊಂಡು ಹೋದರು ಅಂತ ಬಾಜೂಮನೆಯಾಕೆ ಬಂದು ಹೇಳಿದಳು. ಎಲ್ಲಿಗೆ ಅಂದರೆ ಅವಳಿಗೂ ಗೊತ್ತಿಲ್ಲ. ಲಾಠಿ ಬಿದ್ದಿದೆ ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಒಲೆ ಹಚ್ಚಿದೆ, ಆರಿಸಿದೆ. ಜಮಖಾನೆ ಹಾಸಿದ್ದು ಹಾಸಿದಂತೆಯೇ ಇತ್ತು, ಮಡಚಲು ಮನಸ್ಸಾಗಲಿಲ್ಲ.

ಸಂಜೆಗೆ ಬಂದರು. ಅಂಗಿ ಹರಿದಿತ್ತು, ಮೈಮೇಲೆ ಏಟಿರಲಿಲ್ಲ. ಸೀದಾ ಹೋಗಿ ಜಮಖಾನೆಯ ಮೇಲೆ ಅಂಗಾತ ಮಲಗಿದರು. ನಾನು ಕಾಲಿಗೆ ಕೈ ಆನಿಸಿದೆ. ಕಲ್ಲು ಬಿದ್ದ ದಿನ ಬ್ರೇಕ್ ಎಷ್ಟು ಒತ್ತಿದ್ದರೋ ಏನೋ, ಅಷ್ಟು ಜೋರಾಗಿ ಒತ್ತಿದರು, ನನ್ನ ಕೈ ಹಿಂದಕ್ಕೆ ಹೋಯಿತು. ಬಿಡಲೇ ಇಲ್ಲ.

ನಾನು ಅತ್ತುಬಿಟ್ಟೆ. "ಎಲ್ಲಾ ಹಾಳಾತರಿ. ಇಷ್ಟು ದಿನ ಮಾಡಿದ್ದು ನೀರಾಗ ಹೋತು."

ಅವರು ಕಣ್ಣು ಬಿಟ್ಟು ಸೂರು ನೋಡುತ್ತಾ ಮಲಗಿದ್ದರು. "ಒಂದಿನ ಗಾಡಿ ಪಂಕ್ಚರ್ ಆತಂದ್ರ ರೂಟೇ ಕ್ಯಾನ್ಸಲ್ ಮಾಡ್ತಾರೇನು? ನಾಳಿ ಮುಂಜಾನಿ ಎಬ್ಬಸು."

ಎಬ್ಬಿಸಲು ಹೋದೆ. ನನಗಿಂತ ಮೊದಲೇ ಎದ್ದು ಕೂತಿದ್ದರು.

ಸಮ್ಮೆ ಮುಗಿಯಿತು, ಬಸ್ಸು ಬಿಡುತ್ತಾರೆ ಅಂತ ಸುದ್ದಿ ಬಂತು. ಡಾಕ್ಟರಮ್ಮನ ಹತ್ತಿರ ನಾನೂ ಹೋದೆ. ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕುವಾಗ ನನ್ನ ಕಣ್ಣು ಇವರ ಬಲಗಾಲಿನ ಮೇಲೆ. ಅದು ನೆಲದ ಮೇಲೆ ತಣ್ಣಗೆ ಇತ್ತು. "ನಾರ್ಮಲ್, ಡ್ಯೂಟಿಗೆ ಹೋಗಬಹುದು," ಅಂದ ಡಾಕ್ಟರಮ್ಮ ನನ್ನ ಮುಖ ನೋಡಿ, ನೀನ್ಯಾಕಮ್ಮ ಹೀಗೆ ಬೆವರುತ್ತಿದ್ದೀ, ಬಾ ಇಲ್ಲಿ ಅಂತ ಅದೇ ಪಟ್ಟಿ ನನಗೂ ಸುತ್ತಿದರು. ಎರಡು ಸಲ ನೋಡಿದರು. ತಿಂಗಳ ಹಿಂದೆ ಇವರ ಬಿ.ಪಿ. ಎಲ್ಲಿತ್ತೋ ನನ್ನದು ಅಲ್ಲಿತ್ತು.

ಹೊರಗೆ ಬಂದು ಚಹಾದ ಅಂಗಡಿ ಮುಂದೆ ನಿಂತೆವು. ಸ್ಟೇರಿಂಗ್ ಸಿಕ್ಕ ಖುಷಿ ಇವರ ಮುಖದಲ್ಲಿ ಇರಲೇ ಇಲ್ಲ.

"ದಿನಾ ಕಾಲಿಗೆ ಕೈ ಹಚ್ಚಿ ಕುಂಡರತಿದ್ದೆಲ್ಲ, ಆವಾಗ ನೀ ಉಸಿರು ಬಿಡ್ತಿದ್ದೇನು?"

ನೆನಪು ಮಾಡಿಕೊಂಡೆ. ಇಲ್ಲ, ಬಿಡುತ್ತಿರಲಿಲ್ಲ.

"ನನಗ ಗೊತ್ತದ. ಕಣ್ಣು ಮುಚ್ಚಿದ್ರೂ ಕಿವಿ ಇದ್ದವಲ್ಲ. ನಾ ಕಾಲು ಬಿಡೋ ತನಕ ನೀ ಉಸಿರು ಬಿಡ್ತಿದ್ದಿಲ್ಲ. ನೀ ಉಸಿರು ಬಿಡಲಿ ಅಂತನ ನಾ ಕಾಲು ಬಿಡಾಕ ಕಲ್ತೆ."

ಚಹಾ ಕುಡಿಯಲು ಆಗಲಿಲ್ಲ ನನಗೆ. ನಾಳೆಯಿಂದ ನಿನ್ನ ತಿಂಗಳು, ನಾನು ಮಾಡಿಸುತ್ತೇನೆ ಅಂದರು. ಆ ನಾಳೆ ಬರಲಿಲ್ಲ. ಮರುದಿನ ಫಸ್ಟ್ ಬಸ್ಸಿನ ಡ್ಯೂಟಿ. ಇವರು ರೋಡಿನ ಮೇಲೆ ಇರುವಾಗ ನಾನು ಕಣ್ಣು ಮುಚ್ಚಿ ಮಲಗುವುದೆಂದರೇನು? ಹಾಲು ಉಕ್ಕುತ್ತದೆ, ಹುಡುಗರಿಗೆ ತಡವಾಗುತ್ತದೆ ಅಂತ ಏನಾದರೊಂದು ನೆಪ ಹೇಳಿದೆ, ಗುಳಿಗೆ ನುಂಗಿದೆ. ರಾಜ್ಯ ಬಂತು. ಇವರು ರಿಟೈರ್ ಆದರು. ಈಗ ದಿನಾ ಇಲ್ಲೇ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಾರೆ. ಆದರೂ ಹಗಲಲ್ಲಿ ಒಂದು ಗಳಿಗೆ ಒರಗಿದರೆ ನನ್ನ ಕಿವಿ ರೋಡಿನ ಕಡೆಗೇ ಇರುತ್ತದೆ. ಇವರು ಮನೆಯಲ್ಲೇ ಇದ್ದರೂ ನಾನಿನ್ನೂ ಆ ಉಸಿರು ಬಿಟ್ಟಿಲ್ಲ ಅನ್ನುವುದು ಇಷ್ಟು ವರ್ಷವಾದರೂ ನನಗೆ ಹೊಳೆದಿರಲಿಲ್ಲ, ನಿಮ್ಮ ಜೊತೆ ಮಾತಾಡುತ್ತಾ ಈಗ ಹೊಳೆಯಿತು ನೋಡಿ.

ಮಾತು ಅಲ್ಲಿಗೇ ಬಿಟ್ಟು ಹೋಗಿ, ಸವಿತಾಳ ಚಾಪೆಯ ಮೇಲೆ ಅಂಗಾತ ಮಲಗಿದೆ. ಇವರು ಪೇಪರ್ ಕೆಳಗಿಟ್ಟರು.

"ನೀವು ಹೊರಗ ಹೊಂಟಿದ್ರ ಈಗ ಹೋಗಿ ಬಂದುಬಿಡ್ರಿ," ಅಂದೆ. "ನಾ ಕಣ್ಣು ಮುಚ್ಚಬೇಕು."

"ನಾ ಎಲ್ಲಿಗೂ ಹೋಗಂಗಿಲ್ಲ," ಅಂದರು. "ಮುಚ್ಚು."

ಮುಚ್ಚಿದೆ.